ಮೈಯಳತೆಯ ಆಸನ

1967ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಫ್ರಾನ್ಸ್ ದೇಶದ ಲ ಮಾನ್ ಪಟ್ಟಣದಲ್ಲಿ ನಡೆದ 24 ಗಂಟೆಗಳ ಮೋಟಾರು ಪಂದ್ಯವನ್ನು ಗೆದ್ದುದು ಕೆಂಪು ಬಣ್ಣದ ಒಂದು ಫೋರ್ಡ್ ಕಾರು. ಅದರ ಛಾಯಾಚಿತ್ರವನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಚಿತ್ರ ಕಂಡುಬರುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೆಂದೇ ನುಣುಪಾಗಿ ರೂಪಿಸಿದ ಆ ಕಾರಿನ ಮಾಡಿನ ಮೇಲೆ, ಚಾಲಕನ ತಲೆ ಬರುವ ಜಾಗದಲ್ಲಿ, ಬೋರಲು ಹಾಕಿದ ಬೋಗುಣಿಯಂತಹ ಒಂದು ಉಬ್ಬು ಇದೆ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಗಾಳಿಯ ದೃಷ್ಟಿಯಿಂದ ನೋಡಿದರೆ ಅದೊಂದು ದೋಷವೇ ಸರಿ. ಆದರೆ ಆ ಕಾರನ್ನು ನಡೆಸಬೇಕಾಗಿದ್ದ ಇಬ್ಬರಲ್ಲಿ ಒಬ್ಬನಾದ ಡಾನ್ ಗರ್ನಿ ಆರು ಅಡಿಗೂ ಮೀರಿದ ಎತ್ತರದ ಆಳು. ಈ ಜಾತಿಯ ಕಾರುಗಳ ಎತ್ತರವಾದರೋ ನೆಲದಿಂದ ಮಾಡಿನವರೆಗೆ ಸುಮಾರು 40 ಅಂಗುಲ. ಎಂದರೆ ಊಟದ ಮೇಜಿಗಿಂತ ಒಂದು ಗೇಣು ಹೆಚ್ಚು, ಅಷ್ಟೆ. ಶಿರಸ್ತ್ರಾಣ ತೊಟ್ಟ ಗರ್ನಿಯ ತಲೆ ಒಳಗೆ ಹಿಡಿಸಲಿಲ್ಲವಾದುದರಿಂದ ಮಾಡನ್ನೇ ಉಬ್ಬಿಸಬೇಕಾಯಿತು. ಜೊತೆಗಾರ ಎ. ಜೆ. ಫಾಯ್ಟ್‌ನೊಡನೆ ಸರದಿಯ ಮೇಲೆ ಕಾರು ನಡೆಸಿ, ಒಂದು ಹಗಲು ಒಂದು ರಾತ್ರಿಯಲ್ಲಿ 5,200 ಕಿಲೋಮೀಟರಿಗೂ ಹೆಚ್ಚಿನ ದೂರವನ್ನು ಕ್ರಮಿಸಿ ಆತ ಪಂದ್ಯವನ್ನು ಗೆದ್ದನು. ಆ ಉಬ್ಬಿಗೆ ಇಂದಿಗೂ ‘ಗರ್ನಿಯ ಗುಳ್ಳೆ’ ಎಂದೇ ಹೆಸರು.

ಇಂತಹ ಹೆಸರಾಂತ ಚಾಲಕನಿಗಾಗಿ ಕಾರು ಕಟ್ಟುವವರೇ ಕಾರನ್ನು ತಿದ್ದಿಕೊಡುತ್ತಾರೆ. ಅಷ್ಟಾದರೂ ಕೆಲವೊಮ್ಮೆ ಎಡವಟ್ಟಾಗುವುದುಂಟು. 1992ರ ಫಾರ್ಮುಲಾ 1 ಜಗಜ್ಜೇತನಾದ ನೈಜೆಲ್ ಮ್ಯಾನ್ಸೆಲ್ 1995ರಲ್ಲಿ ಮೆಕ್ಲಾರೆನ್ ತಂಡವನ್ನು ಸೇರಿದಾಗ ಹೊಸ ಕಾರಿನ ಒಡಲು ಅವನ ಮೈಗೆ ಇಕ್ಕಟ್ಟಾಯಿತು. ಅಗಲವಾದ ಬೇರೊಂದು ಒಡಲು ಸಿದ್ಧವಾಗುವ ವೇಳೆಗೆ ಆ ವರ್ಷದ ಮೊದಲ ಎರಡು ಪಂದ್ಯಗಳು ಮುಗಿದೇ ಹೋಗಿದ್ದವು. ಹಾಗಿರುವಾಗ, ಎರಡು ಆಸನಗಳ ಸ್ಪೋರ್ಟ್ಸ್ ಕಾರೊಂದನ್ನು ಅಂಗಡಿಯಿಂದ ಕೊಂಡುತರುವ ಸಾಮಾನ್ಯ ಗೃಹಸ್ಥನ ಪಾಡೇನು? ಅಂಗಿ ಹೊಲಿಸಿಕೊಳ್ಳುವಾಗ ದರ್ಜಿಯ ಮುಂದೆ ಕೈ ಚಾಚಿ ನಿಂತು ಅಳತೆ ಕೊಡುವ ಮನುಷ್ಯ, ಅದರ ಸಾವಿರಾರು ಪಾಲು ಬೆಲೆಯ ಕಾರಿನಲ್ಲಿ ಮಾತ್ರ ಬೇರೆ ಯಾರದೋ ಅಳತೆಗೆ ಮಾಡಿದ ಆಸನದಲ್ಲಿ ಕೂರುತ್ತಾನೆ. ಗಂಟೆಯೊಂದು ಕಳೆಯುವುದರೊಳಗೆ ಸೊಂಟ ಹಿಡಿದುಕೊಳ್ಳುತ್ತದೆ, ತೊಡೆಗೆ ಜೋಮು ಬರುತ್ತದೆ, ಭುಜ ಸೋಲುತ್ತದೆ. ಇಷ್ಟಕ್ಕೂ ಆ ಆಸನ ಯಾರ ಅಳತೆಯದು?

‘ಸರಾಸರಿ ಮನುಷ್ಯನ ಅಳತೆಯದು’ ಎಂಬುದೇ ಬಹುಕಾಲ ಎಂಜಿನಿಯರರು ಕೊಡುತ್ತಿದ್ದ ಉತ್ತರ. ಈ ಸರಾಸರಿ ಮನುಷ್ಯನನ್ನು ಹುಡುಕಲು ಹೊರಟವರ ಕಥೆ ಸ್ವಾರಸ್ಯವಾಗಿದೆ. 1950ರಲ್ಲಿ ಅಮೆರಿಕದ ವಾಯುಸೇನೆಯವರು ತಮ್ಮ ವಿಮಾನಗಳ ಚಾಲಕಕೋಣೆಯನ್ನು ಸುಧಾರಿಸಬೇಕೆಂದು ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ವೈಮಾನಿಕರ ಮೈಯನ್ನು ಅಂಗಾಂಗವಾಗಿ ಅಳೆಯಿಸಿದರು. ಆ ಕೆಲಸದಲ್ಲಿ ತೊಡಗಿದ್ದ ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣನಿಗೆ ಒಂದು ಸಂದೇಹ ಹುಟ್ಟಿತು. ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಮೊದಲಾದ ಹತ್ತು ಮುಖ್ಯ ಅಳತೆಗಳನ್ನು ಆರಿಸಿಕೊಂಡು, ಪ್ರತಿಯೊಂದರಲ್ಲಿಯೂ ನಟ್ಟನಡುವಿನ ನೂರಕ್ಕೆ 30 ಮಂದಿಯನ್ನು ‘ಸರಾಸರಿ’ ಎಂದು ಉದಾರವಾಗಿಯೇ ಒಪ್ಪಿ, ಹತ್ತರಲ್ಲಿಯೂ ಸರಾಸರಿಯಾಗಿರುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದನು. 4,063 ಮಂದಿಯಲ್ಲಿ ಅಂತಹವನು ಒಬ್ಬನೂ ಸಿಗಲಿಲ್ಲ!

ಗಣಿತ ಓದುತ್ತಿರುವ ವಾಚಕರು ಇದನ್ನು ಕಾಗದದ ಮೇಲೆ ಪರೀಕ್ಷಿಸಬಹುದು. ಒಂದು ಅಳತೆಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲವೆಂದುಕೊಂಡರೆ, ಮೂರು ಅಳತೆಗಳಲ್ಲಿ ನಡುವಿನವನಾಗಿರುವ ಸಂಭವ 0.3 × 0.3 × 0.3, ಎಂದರೆ ನೂರಕ್ಕೆ 2.7. ಡೇನಿಯಲ್ಸ್ ಕತ್ತು, ತೊಡೆ, ಮಣಿಕಟ್ಟು ಈ ಮೂರನ್ನು ಹಿಡಿದು ನೋಡಿದಾಗ ಸಿಕ್ಕವರು ನೂರಕ್ಕೆ 3.5ಕ್ಕಿಂತಲೂ ಕಡಮೆ. ಕತ್ತು ದಪ್ಪನಾದವನ ತೊಡೆಯೂ ಸಾಧಾರಣವಾಗಿ ದಪ್ಪನಾಗಿರುವುದರಿಂದ ಲೆಕ್ಕಕ್ಕಿಂತ ತುಸು ಹೆಚ್ಚಾದರೆ ಸಹಜವೇ. ಹತ್ತು ಅಳತೆಗಳಿಗೆ ಇದೇ ಗುಣಾಕಾರವನ್ನು ಮುಂದುವರಿಸಿದರೆ ಹತ್ತು ಲಕ್ಷದಲ್ಲಿ ಸುಮಾರು ಆರು ಮಂದಿ ಎಂದು ಬರುತ್ತದೆ. ಆದುದರಿಂದ ಸರಾಸರಿ ಮನುಷ್ಯನಿಗೆಂದು ಮಾಡಿದ ಆಸನ ಯಾರಿಗೂ ಮಾಡಿದ ಆಸನವಲ್ಲ. ವಾಯುಸೇನೆಯವರು ಈ ಪಾಠವನ್ನು ಕಲಿತು, ಹಿಂದುಮುಂದು ಮೇಲುಕೆಳಗು ಸರಿಸಬಹುದಾದ ಆಸನಗಳನ್ನೂ ಪೆಡಲುಗಳನ್ನೂ ಬೇಡತೊಡಗಿದರು. ಇಂದಿನ ಮನೆಬಳಕೆಯ ಕಾರುಗಳಲ್ಲಿಯೂ ಆಸನವನ್ನು ಸರಿಸುವ, ಬೆನ್ನನ್ನು ಒರಗಿಸುವ ಏರ್ಪಾಡುಗಳಿವೆ.

ಆದರೆ ಸ್ಪೋರ್ಟ್ಸ್ ಕಾರಿನ ಆಸನ ಹಾಗಲ್ಲ. ಅದು ಬಾನಿಯಂತೆ ಎರಡು ಪಕ್ಕಗಳಲ್ಲಿಯೂ ಗೋಡೆಯೆದ್ದ, ಗಟ್ಟಿಯಾದ, ಒಂದೇ ಅಚ್ಚಿನ ಆಸನ. ಇದಕ್ಕೆ ‘ಬಕೆಟ್ ಸೀಟು’ ಎಂದು ಕರೆಯುವುದು ವಾಡಿಕೆ. ಮುಂದಕ್ಕೆ ಹಿಂದಕ್ಕೆ ಸರಿಸಬಹುದು. ಅಗಲವನ್ನು ಮಾತ್ರ ಹಿಗ್ಗಿಸಲಾರೆವು. ಇಷ್ಟು ಹಟಮಾರಿಯಾದ ವಸ್ತುವನ್ನು ಏಕೆ ಮಾಡುತ್ತಾರೆ?

ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಇಳಿದವರಿಗೆ ಇದರ ಕಾರಣ ಅರ್ಧ ಗೊತ್ತೇ ಇದೆ. ತಿರುವು ಬಂದಾಗ ಮುಂದಿನ ಸೀಟಿನ ಕಂಬಿಯನ್ನು ನಾವು ಬಿಗಿಯಾಗಿ ಹಿಡಿದುಕೊಳ್ಳುತ್ತೇವೆ. ಬಸ್ಸು ತಿರುಗುತ್ತದೆ, ನಮ್ಮ ಮೈ ನೇರವಾಗಿ ಹೋಗಬಯಸುತ್ತದೆ. ಮೈಯನ್ನು ತಿರುಗಿಸುವ ಬಲವನ್ನು ಕಂಬಿಯ ಮೂಲಕ ನಮ್ಮ ತೋಳೇ ಒದಗಿಸುತ್ತದೆ. ಈಗ 50 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 80 ಕಿಲೋಮೀಟರು ವೇಗದಿಂದ ಹೋಗುವ ಸ್ಪೋರ್ಟ್ಸ್ ಕಾರನ್ನು ಊಹಿಸಿಕೊಳ್ಳಿ. ವೇಗ ಸೆಕೆಂಡಿಗೆ 22.2 ಮೀಟರು, ಅದರ ವರ್ಗವನ್ನು 50ರಿಂದ ಭಾಗಿಸಿದರೆ ವೇಗೋತ್ಕರ್ಷ 9.9, ಎಂದರೆ ಭೂಮಿಯ ಗುರುತ್ವಕ್ಕೆ ಸರಿಸಮಾನ. ಚಾಲಕನ ತೂಕ 70 ಕಿಲೋಗ್ರಾಂ ಆಗಿದ್ದರೆ ಅಷ್ಟೇ ಭಾರ ಅವನನ್ನು ಪಕ್ಕಕ್ಕೆ ಎಳೆದಂತೆ ತೋರುತ್ತದೆ. ಫಾರ್ಮುಲಾ 1 ಕಾರುಗಳಲ್ಲಿ ಇದು ಗುರುತ್ವದ ಐದು ಪಟ್ಟನ್ನು ಮುಟ್ಟುವುದುಂಟು.

ಬಸ್ಸಿನ ಪ್ರಯಾಣಿಕನಿಗೆ ಕಂಬಿ ಇದೆ. ಚಾಲಕನಿಗೆ? ಆಸನ ಅವನನ್ನು ಹಿಡಿಯದಿದ್ದರೆ ಅವನು ಸ್ಟಿಯರಿಂಗ್ ಚಕ್ರವನ್ನೇ ಕಂಬಿಯಾಗಿ ಮಾಡಿಕೊಳ್ಳಬೇಕು, ಮೊಣಕಾಲನ್ನು ಬಾಗಿಲಿಗೆ ಒತ್ತಿ ನಿಲ್ಲಬೇಕು. ರಸ್ತೆಯ ಮೇಲೆ ಟಯರು ಹಿಡಿತ ಬಿಡುತ್ತಿದೆಯೆ ಎಂಬ ಸೂಕ್ಷ್ಮವಾದ ವರ್ತಮಾನ ಚಕ್ರದ ಮೂಲಕ ಕೈಗೆ ಬರುತ್ತದೆ; ಜೋತುಬಿದ್ದ ಕೈಗೆ ಆ ವರ್ತಮಾನ ತಿಳಿಯುವುದಿಲ್ಲ. ಜೋತುಬಿದ್ದವನು ಚಕ್ರವನ್ನು ತಾನರಿಯದೆಯೇ ಎಳೆಯುವುದೂ ಉಂಟು. ಹೀಗಾಗಿ ಓಟದ ಕಾರಿನಲ್ಲಿ ಆಸನವೆಂಬುದು ಕೂರುವ ವಸ್ತುವಷ್ಟೇ ಅಲ್ಲ, ಕಾರು ನಡೆಸುವ ಸಲಕರಣೆಗಳಲ್ಲಿ ಒಂದು. ಪಕ್ಕದ ಗೋಡೆಗಳು ಮೈಗೆ ತಾಗುವಂತಿದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ. ತೆಳ್ಳನೆಯವನು ಅಗಲವಾದ ಬಕೆಟ್ಟಿನಲ್ಲಿ ಒರಳಿನಲ್ಲಿ ಬಿದ್ದ ಅಡಕೆಯಂತೆ ಹೊರಳಾಡುತ್ತಾನೆ. ದಪ್ಪನೆಯವನಿಗೆ ಪಕ್ಕೆಲುಬು ನೋಯುತ್ತದೆ.

ಇದು ಪಕ್ಕದ ಮಾತಾಯಿತು. ಬೆನ್ನಿನ ಮಾತು ಇನ್ನೂ ಗಹನವಾದುದು. ನೆಟ್ಟಗೆ ನಿಂತಾಗ ನಮ್ಮ ಬೆನ್ನುಮೂಳೆ ನಡುವಿನ ಬಳಿ ಒಳಮುಖವಾಗಿ ಬಾಗಿರುತ್ತದೆ. ಕುಳಿತೊಡನೆ ಈ ಬಾಗು ಚಪ್ಪಟೆಯಾಗುತ್ತದೆ. ಅಮೆರಿಕದ ನೆಬ್ರಾಸ್ಕ ಪ್ರಾಂತದ ವೈದ್ಯ ಜೆ. ಜೆ. ಕೀಗನ್ ನಾನಾ ಭಂಗಿಗಳಲ್ಲಿರುವವರ ಬೆನ್ನಿನ ಎಕ್ಸ್-ರೇ ಚಿತ್ರಗಳನ್ನು ತೆಗೆದು 1953ರಲ್ಲಿ ಪ್ರಕಟಿಸಿದನು. ಮುಂಡಕ್ಕೂ ತೊಡೆಗೂ ನಡುವಣ ಕೋನ ಸುಮಾರು 135 ಅಂಶಗಳಿರುವಾಗ, ಎಂದರೆ ನಾವು ಪಕ್ಕಕ್ಕೆ ಹೊರಳಿ ಕಾಲನ್ನು ಕೊಂಚ ಮಡಿಸಿ ಮಲಗಿದಂತಿರುವಾಗ, ನಡುವಿನ ಬಾಗು ಸಹಜವಾಗಿರುತ್ತದೆಂದೂ, ಕೋನ ಕಿರಿದಾದಂತೆ ಬಾಗು ಅಳಿಯುತ್ತದೆಂದೂ ಆ ಚಿತ್ರಗಳಿಂದ ತಿಳಿದುಬಂದಿತು. ಬಾಗು ಅಳಿದಾಗ ಕಶೇರುಮಣಿಗಳ ನಡುವಣ ಮೆತುವಾದ ಬಿಲ್ಲೆಗಳ ಮುಂಭಾಗ ಹಿಚುಕಿದಂತಾಗಿ, ಹಿಂಭಾಗದ ಕಟ್ಟುಗಳು ಜಗ್ಗಲ್ಪಡುತ್ತವೆ.

ಬಿಲ್ಲೆಯೊಳಗಿನ ಒತ್ತಡವನ್ನು ನೇರವಾಗಿ ಅಳೆದವರೂ ಇದ್ದಾರೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಒತ್ತಡವನ್ನು ಗ್ರಹಿಸುವ ಸೂಜಿಯನ್ನು ಬೆನ್ನಿನ ಬಿಲ್ಲೆಗೇ ಚುಚ್ಚಿ ಪ್ರಯೋಗ ನಡೆಸಿದನು. (ಒಪ್ಪಿ ಚುಚ್ಚಿಸಿಕೊಂಡವರ ಧೈರ್ಯವನ್ನು ಮೆಚ್ಚಬೇಕು.) ಆಧಾರವಿಲ್ಲದೆ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಬಹಳ ಹೆಚ್ಚೆಂದು ಆ ಕಾಲದ ಪ್ರಯೋಗಗಳು ಸೂಚಿಸಿದವು. ಜರ್ಮನಿಯ ಉಲ್ಮ್ ನಗರದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಎರಡೂ ಹೆಚ್ಚುಕಡಮೆ ಒಂದೇ ಎಂದು ಕಂಡುಬಂದಿತು. ಆದುದರಿಂದ ‘ಕುಳಿತರೆ ಒತ್ತಡ ಇಷ್ಟು ಪಾಲು ಏರುತ್ತದೆ’ ಎಂದು ಪಠ್ಯಗಳಲ್ಲಿ ಕಾಣುವ ಅಂಕೆಯನ್ನು ನಾವು ಗಟ್ಟಿಯಾಗಿ ಹಿಡಿಯಲಾರೆವು. ಆದರೆ ಒಂದು ವಿಷಯದಲ್ಲಿ ಹಳಬರೂ ಹೊಸಬರೂ ಒಮ್ಮತದಲ್ಲಿದ್ದಾರೆ: ಬೆನ್ನನ್ನು ಹಿಂದಕ್ಕೆ ಒರಗಿಸಿ ಅದಕ್ಕೆ ಆಧಾರ ಕೊಟ್ಟರೆ ಒತ್ತಡ ಇಳಿಯುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ಏರುತ್ತದೆ.

ಸ್ಪೋರ್ಟ್ಸ್ ಕಾರಿನ ವಿಶೇಷ ತೊಂದರೆ ಇಲ್ಲಿ ಬರುತ್ತದೆ. ಕಾರು ತಗ್ಗಾಗಿರುವುದರಿಂದ ಅದರಲ್ಲಿ ಕಾಲನ್ನು ಮುಂದಕ್ಕೆ ಚಾಚಿಯೇ ಕೂರಬೇಕು. ತೊಡೆಯ ಹಿಂಭಾಗದ ಸ್ನಾಯುಗಳು ಸೊಂಟದ ಮೂಳೆಯಿಂದ ಹೊರಟು ಮೊಣಕಾಲನ್ನು ದಾಟಿ ಕೆಳಗಿಳಿಯುತ್ತವೆ. ಮೊಣಕಾಲನ್ನು ನೀಡಿದಾಗ ಅವು ಹಗ್ಗದಂತೆ ಬಿಗಿದು ಸೊಂಟದ ಮೂಳೆಯನ್ನು ಹಿಮ್ಮುಖವಾಗಿ ಉರುಳಿಸುತ್ತವೆ. ಅದರ ಮೇಲೆ ನಿಂತ ಬೆನ್ನು ಗೂನಾಗುತ್ತದೆ. ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಬೆನ್ನನ್ನು ನೆಟ್ಟಗೆ ಮಾಡಲೆತ್ನಿಸಿದರೆ ವಾಚಕರಿಗೇ ಇದು ಅನುಭವಕ್ಕೆ ಬರುತ್ತದೆ. ಮೊಣಕಾಲನ್ನು ಕೊಂಚ ಮಡಿಸಿದೊಡನೆ ಎಷ್ಟು ಹಾಯೆನಿಸುತ್ತದೆಂಬುದನ್ನೂ ನೋಡಬಹುದು.

ಹಾಗಾದರೆ ನಮ್ಮ ಗೃಹಸ್ಥ ಮಾಡಬೇಕಾದುದೇನು? ಮೊದಲು ಮಾಡಬೇಕಾದುದು ನಿದಾನ, ಚಿಕಿತ್ಸೆ ಆಮೇಲೆ. ಎಷ್ಟೋ ಮಂದಿ ನೋವು ಕಂಡೊಡನೆ ದಪ್ಪನೆಯ ದಿಂಬೊಂದನ್ನು ತಂದು ಕೆಳಗೆ ಹಾಕಿಕೊಳ್ಳುತ್ತಾರೆ. ಇದು ಬಹುಮಟ್ಟಿಗೆ ತಪ್ಪು. ಕಾರಣವನ್ನು ಮುಂದೆ ಹೇಳುತ್ತೇವೆ. ಒಂದು ಟವೆಲನ್ನು ಸುರುಳಿ ಸುತ್ತಿ ನಡುವಿನ ಬಾಗಿನಲ್ಲಿ, ಸೊಂಟಪಟ್ಟಿಗಿಂತ ಸ್ವಲ್ಪ ಮೇಲೆ, ಇಟ್ಟು ಒಂದು ಗಂಟೆ ಕಾರು ನಡೆಸಿ ನೋಡಬೇಕು. ನೋವು ಇಳಿದರೆ ಬೇಕಾಗಿರುವುದು ಅಲ್ಲಿನ ಆಧಾರ. ಸುರುಳಿಯನ್ನು ಒಂದು ಅಂಗುಲ ಮೇಲೆ, ಒಂದು ಅಂಗುಲ ಕೆಳಗೆ ಸರಿಸಿ, ದಪ್ಪವನ್ನು ಬದಲಾಯಿಸಿ, ಸರಿಯಾದ ಜಾಗವನ್ನು ಗುರುತು ಹಾಕಿಕೊಳ್ಳಬೇಕು. ಬೆಲೆಯಿಲ್ಲದ ಈ ಟವೆಲು ಕಲಿಸುವಷ್ಟನ್ನು ಬೆಲೆಬಾಳುವ ಆಸನಗಳು ಕಲಿಸಲಾರವು ಎಂಬುದು ನಮ್ಮ ಅಭಿಪ್ರಾಯ. ಮೊಣಕಾಲಿನ ಹಿಂದೆ ಜೋಮು ಬರುತ್ತಿದ್ದರೆ ಆಸನದ ತಳ ಆ ಚಾಲಕನ ತೊಡೆಗೆ ಉದ್ದವಾಯಿತೆಂದು ಅರ್ಥ. ಗಿಡ್ಡನೆಯವನು ಆ ಒತ್ತನ್ನು ತಪ್ಪಿಸಿಕೊಳ್ಳಲು ಮುಂದಕ್ಕೆ ಜಾರುತ್ತಾನೆ. ಆಗ ಬೆನ್ನಿಗೆ ಆಧಾರ ತಪ್ಪುತ್ತದೆ. ನೋವು ಬೆನ್ನಿನಲ್ಲಿ ಕಂಡರೂ ಮೂಲ ಮೊಣಕಾಲಿನಲ್ಲಿದೆ! ಅಂತಹವನು ಬೆನ್ನ ಹಿಂದೆ ಗಟ್ಟಿಯಾದ ಫೋಮ್ ಹಲಗೆಯಿಟ್ಟು ಇಡೀ ಮೈಯನ್ನು ಮುಂದಕ್ಕೆ ತಂದುಕೊಂಡರೆ ಎರಡೂ ಗುಣವಾಗುತ್ತವೆ.

ಕೂರುವ ಮೂಳೆಗಳ ನೋವು ಬೇರೆ. ಮರದ ಬೆಂಚಿನ ಮೇಲೆ ಕುಳಿತು ಅಂಗೈಯನ್ನು ಪೃಷ್ಠದ ಕೆಳಗೆ ತೂರಿಸಿದರೆ ಎರಡು ಮೊಂಡಾದ ಮೂಳೆಗಳು ಕೈಗೆ ಒತ್ತುತ್ತವೆ. ಮುಂಡದ ಭಾರದ ಬಹುಪಾಲು ಬೀಳುವುದು ಇವುಗಳ ಮೇಲೆ. ಭಾರ ಒಂದೇ ಆದರೂ ಅದನ್ನು ಹೊರುವ ಜಾಗ ಕಿರಿದಾದರೆ ಒತ್ತಡ ಏರುತ್ತದೆಂಬುದು ಶಾಲೆಯ ಪಾಠ. ನಮ್ಮ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ಪಾದರಸದ ಸುಮಾರು 30 ಮಿಲಿಮೀಟರು ಮಾತ್ರ. ಹೊರಗಿನ ಒತ್ತಡ ಅದನ್ನು ಬಹುವಾಗಿ ಮೀರಿದರೆ ರಕ್ತಸಂಚಾರ ಕುಂಠಿತವಾಗುತ್ತದೆ. ಆ ಮೂಳೆಗಳ ನೇರಕ್ಕೆ ಆಸನದಲ್ಲಿ ತಗ್ಗು ಮಾಡಿ ತೊಡೆಗೂ ಪಾಲು ಸಿಗುವಂತೆ ಭಾರವನ್ನು ಹಂಚುವುದೇ ಇದಕ್ಕೆ ಪರಿಹಾರ.

ಮಜ್ದಾ ಕಂಪೆನಿಯ ಎಂಎಕ್ಸ್-5 ಎಂಬ ಪುಟ್ಟ ಕಾರು 1989ರಲ್ಲಿ ಷಿಕಾಗೋ ನಗರದ ಪ್ರದರ್ಶನದಲ್ಲಿ ಬೆಳಕಿಗೆ ಬಂದ ಮೇಲೆ ಅದನ್ನು ಕೊಂಡ ಎತ್ತರದ ಜನರು ಇದನ್ನೇ ಒಂದು ಕಲೆಯಾಗಿ ಬೆಳೆಸಿದರು. ಅವರ ತಲೆ ಮಾಡಿಗೆ ತಗಲುತ್ತಿತ್ತು. ಗಾಜಿನ ಮೇಲಂಚು ಕಣ್ಣಿಗೆ ಅಡ್ಡವಾಗುತ್ತಿತ್ತು. ಆಸನವನ್ನು ಬಿಚ್ಚಿ, ಹೊದಿಕೆಯನ್ನು ಸುಲಿದು, ತಳದ ಫೋಮನ್ನು ಅಡಿಗೆಮನೆಯ ವಿದ್ಯುತ್ ಚಾಕುವಿನಿಂದ ಕೆತ್ತಿ ಒಂದೆರಡು ಅಂಗುಲ ಕೆಳಗಿಳಿದರು. ಕರುಳಿನ ತುಂಡನ್ನು ಕತ್ತರಿಸಿ ತೆಗೆಯುವ ವೈದ್ಯರ ಭಾಷೆಯನ್ನು ಅಣಕಿಸಿ ಇದಕ್ಕೆ ‘ಫೋಮೆಕ್ಟಮಿ’ ಎಂದು ಹೆಸರಿಟ್ಟರು. ಶಸ್ತ್ರಚಿಕಿತ್ಸೆಯ ನಿಯಮ ಇಲ್ಲಿಯೂ ಒಂದೇ: ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗದು. ಒಂದು ಬಾರಿಗೆ ಬೆರಳಗಲ ತೆಗೆದು, ಕುಳಿತು ನೋಡಿ, ಮತ್ತೆ ತೆಗೆಯಬೇಕು.

ಆದರೆ ಎಲ್ಲೆಂದರಲ್ಲಿ ಚಾಕು ಆಡಿಸಕೂಡದು. ಆಸನದ ಮುಂದಿನ ಅಂಚು ಎತ್ತರವಾಗಿರುವುದು ವೃಥಾ ಅಲ್ಲ. ಕಾರು ಎದುರಿಗೆ ಡಿಕ್ಕಿ ಹೊಡೆದಾಗ ಚಾಲಕನ ಮೈ ಮುಂದಕ್ಕೆ ಧಾವಿಸುತ್ತದೆ. ಎತ್ತರದ ಅಂಚು ಅವನ ತೊಡೆಯನ್ನು ತಡೆದು, ಸೊಂಟದ ಬೆಲ್ಟು ಗಟ್ಟಿಯಾದ ಮೂಳೆಯ ಮೇಲೆಯೇ ಉಳಿಯುವಂತೆ ಮಾಡುತ್ತದೆ. ಆ ಅಂಚನ್ನು ಕೆತ್ತಿಬಿಟ್ಟರೆ ಅವನು ಬೆಲ್ಟಿನ ಅಡಿಯಿಂದ ಜಾರಿ, ಬೆಲ್ಟು ಮೆತ್ತಗಿನ ಹೊಟ್ಟೆಯನ್ನು ಕೊಯ್ಯುವ ಅಪಾಯವಿದೆ. ಆದುದರಿಂದ ಕೆತ್ತನೆಯೆಲ್ಲ ಹಿಂಭಾಗದಲ್ಲಿ ಆಗಬೇಕು. ಪಕ್ಕದಲ್ಲಿ ಗಾಳಿಚೀಲವನ್ನೋ ಒಳಗೆ ತೂಕ ಗ್ರಹಿಸುವ ಉಪಕರಣವನ್ನೋ ಹುದುಗಿಸಿದ ಹೊಸ ಕಾರುಗಳ ಆಸನವನ್ನು ಮನೆಯಲ್ಲಿ ಬಿಚ್ಚಲೇಬಾರದು.

ದಪ್ಪ ದಿಂಬಿನ ಮಾತಿಗೆ ಈಗ ಬರೋಣ. ವಿಮಾನದಿಂದ ಚಾಲಕನನ್ನು ಆಸನಸಮೇತ ಹೊರಕ್ಕೆ ಚಿಮ್ಮಿಸುವ ಏರ್ಪಾಡಿನಲ್ಲಿ ಮೆತ್ತನೆಯ ದಿಂಬು ಬೆನ್ನುಮೂಳೆಯನ್ನು ಕಾಪಾಡುವುದರ ಬದಲು ಮುರಿಯಲು ನೆರವಾಗಬಲ್ಲದೆಂದು ಎಂಜಿನಿಯರರು ಕಂಡುಕೊಂಡರು. ಆಸನ ಸಿಡಿದು ಮೇಲೇಳುತ್ತದೆ. ದಿಂಬು ಕುಗ್ಗುತ್ತಿರುವಷ್ಟು ಹೊತ್ತು ಮನುಷ್ಯ ಇದ್ದಲ್ಲಿಯೇ ಇರುತ್ತಾನೆ. ದಿಂಬು ಪೂರ್ತಿ ಕುಗ್ಗಿದ ಮೇಲೆ, ಆಗಲೇ ವೇಗ ಪಡೆದ ಆಸನ ಅವನಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಕಾರಿನಲ್ಲಿಯೂ ಇದೇ ನ್ಯಾಯ. ಮೈಗೂ ಕಾರಿಗೂ ನಡುವೆ ಸಡಿಲವಿದ್ದಷ್ಟೂ ಪೆಟ್ಟು ಹೆಚ್ಚು. ಹೀಗಾಗಿ ಓಟದ ಕಾರುಗಳವರು ಮೆತ್ತಗಿನ ಆಸನವನ್ನು ಬಿಟ್ಟು, ಗಟ್ಟಿಯಾಗಿದ್ದರೂ ಮೈಯ ಪ್ರತಿಯೊಂದು ತಗ್ಗುದಿಣ್ಣೆಗೂ ತಾಗುವ ಆಸನವನ್ನು ಆಯ್ದುಕೊಂಡರು. ಗಟ್ಟಿ ಹಲಗೆ ನೋಯಿಸುವುದು ಅದು ಎರಡು ಮೂರು ಕಡೆ ಮಾತ್ರ ತಾಗುವುದರಿಂದ. ಎಲ್ಲ ಕಡೆಯೂ ತಾಗಿದರೆ ಗಟ್ಟಿತನ ನೋಯಿಸದು. 1958ರಲ್ಲಿ ಅಮೆರಿಕದವರು ಮನುಷ್ಯನನ್ನು ಅಂತರಿಕ್ಷಕ್ಕೆ ಕಳುಹಿಸುವ ಸಿದ್ಧತೆಯಲ್ಲಿ ಮೈಯಚ್ಚಿನ ಗಾಜುನಾರಿನ ಹಾಸಿಗೆಯನ್ನು ಮಾಡಿ ಗಿರಗಿರನೆ ತಿರುಗುವ ಯಂತ್ರದಲ್ಲಿ ಪರೀಕ್ಷಿಸಿದಾಗ, ಅದರಲ್ಲಿ ಮಲಗಿದ್ದವನು ಗುರುತ್ವದ 20 ಪಟ್ಟು ಬಲವನ್ನು ತಡೆದುಕೊಂಡನು. ಬಳಿಕ ಮರ್ಕ್ಯುರಿ ಯಾತ್ರಿಕರು ತಮ್ಮ ತಮ್ಮ ಮೈಯಚ್ಚಿನಲ್ಲಿ ಮಾಡಿದ ಇಂತಹ ಹಾಸಿಗೆಗಳಲ್ಲಿಯೇ ಹಾರಿದರು.

ಕಾರಿಗೆ ಈ ಅಚ್ಚನ್ನು ಹೊಯ್ಯುವ ಕ್ರಮ ನೋಡತಕ್ಕದ್ದು. ಬೇಕಾದವು ಎರಡು ದ್ರವಗಳು: ಒಂದು ಐಸೋಸಯನೇಟು, ಇನ್ನೊಂದು ಪಾಲಿಯಾಲ್. ಎರಡೂ ಸೇರಿದರೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕು ಹುಟ್ಟುತ್ತದೆ. ಇದನ್ನು ಜರ್ಮನಿಯ ಆಟೊ ಬೇಯರ್ 1937ರಲ್ಲಿ ಕಂಡುಹಿಡಿದನು. ಮಿಶ್ರಣದಲ್ಲಿ ಸ್ವಲ್ಪ ನೀರಿದ್ದರೆ ಅದು ಐಸೋಸಯನೇಟಿನೊಡನೆ ಕೂಡಿ ಇಂಗಾಲದ ಡೈಆಕ್ಸೈಡು ಹೊರಡುತ್ತದೆ. ಆ ಗುಳ್ಳೆಗಳಿಂದ ದ್ರವ ಹುದುಗು ಬಂದ ದೋಸೆಹಿಟ್ಟಿನಂತೆ ಉಬ್ಬಿ, ಬಿಸಿಯಾಗಿ, ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಬರಿಯ ಬಕೆಟ್ಟಿನಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಹಾಸಿ, ಚಾಲಕ ಪಂದ್ಯದ ಉಡುಪಿನಲ್ಲಿ, ಕೈ ಚಕ್ರದ ಮೇಲೆ, ಕಾಲು ಪೆಡಲಿನ ಮೇಲೆ ಇಟ್ಟು ಕೂರುತ್ತಾನೆ. ಸಹಾಯಕರು ದ್ರವಗಳನ್ನು ಕಲಸಿ ಬೆನ್ನ ಹಿಂದೆ, ಪಕ್ಕಗಳಲ್ಲಿ ಚೀಲದೊಳಗೆ ಸುರಿಯುತ್ತಾರೆ. ಅವನು ಮಿಸುಕಕೂಡದು. ಪೃಷ್ಠದ ಅಡಿಗೆ ಫೋಮ್ ಹರಿಯದಂತೆ ಎಚ್ಚರ ವಹಿಸಬೇಕು. ಉಬ್ಬುವ ಫೋಮ್ ಮನುಷ್ಯನನ್ನೇ ಎತ್ತಿ ಕೂರಿಸುವಷ್ಟು ಬಲವುಳ್ಳದ್ದು, ಹೊಸಬರ ಎಷ್ಟೋ ಆಸನಗಳು ಕೆಡುವುದು ಹೀಗೆಯೇ. ಐಸೋಸಯನೇಟಿನ ಆವಿ ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಬಯಲಿನಲ್ಲಿ, ಕೈಗವಸು ತೊಟ್ಟು, ತಿಳಿದವರ ಜೊತೆಯಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಕು. ಗಟ್ಟಿಯಾದ ಅಚ್ಚಿನಲ್ಲಿ ಮೊಣಕೈ ಆಡುವ ಜಾಗವನ್ನು ಕತ್ತರಿಸಿ, ಬೆಂಕಿ ತಗಲದ ಬಟ್ಟೆಯನ್ನು ಹೊದಿಸುತ್ತಾರೆ. ಫಾರ್ಮುಲಾ 1 ತಂಡಗಳವರು ಈ ಅಚ್ಚನ್ನು ಯಂತ್ರದಿಂದ ಅಳೆದು, ಅದೇ ಆಕಾರದ ತೆಳ್ಳನೆಯ ಕಾರ್ಬನ್ ನಾರಿನ ಆಸನವನ್ನು ಕಟ್ಟುತ್ತಾರೆ. ಲ ಮಾನ್‌ನಂತಹ ದೀರ್ಘ ಪಂದ್ಯಗಳಲ್ಲಿ ಒಂದೇ ಕಾರನ್ನು ಹಲವರು ನಡೆಸುವುದರಿಂದ, ಸರದಿ ಬದಲಾದಾಗ ಹೊಸ ಚಾಲಕ ತನ್ನ ಮೈಯಚ್ಚಿನ ಒಳಪದರವನ್ನು ಕಂಕುಳಲ್ಲಿ ಇರುಕಿಕೊಂಡು ಓಡಿಬರುವ ದೃಶ್ಯವನ್ನು ಕಾಣಬಹುದು.

ನಮ್ಮ ಗೃಹಸ್ಥನಿಗೆ ಇಷ್ಟೆಲ್ಲ ಬೇಕಾಗಲಾರದು. ಟವೆಲು ತೋರಿಸಿದ ಜಾಗದಲ್ಲಿ ಒಂದು ಗಟ್ಟಿ ಫೋಮ್ ತುಂಡು, ಸೊಂಟದ ಎರಡು ಪಕ್ಕಗಳಲ್ಲಿ ಬೆರಳು ತೂರದಷ್ಟು ಭರ್ತಿ, ಕೂರುವ ಮೂಳೆಗಳ ನೇರಕ್ಕೆ ಕೊಂಚ ತಗ್ಗು, ಇವಿಷ್ಟೇ ಸಾಕಾಗುವುದು ಹೆಚ್ಚು. ಎಲ್ಲವನ್ನೂ ಮೊದಲು ಅಂಟುಪಟ್ಟಿಯಿಂದ ತಾತ್ಕಾಲಿಕವಾಗಿ ಕಟ್ಟಿ, ಎರಡು ಗಂಟೆಯ ದಾರಿಯಲ್ಲಿ ನಡೆಸಿ ನೋಡಿದ ಮೇಲೆಯೇ ಹೊದಿಕೆ ಹೊಲಿಸಬೇಕು. ಹತ್ತು ನಿಮಿಷಕ್ಕೆ ಹಿತವೆನಿಸಿದ್ದು ಎರಡನೆಯ ಗಂಟೆಗೆ ಶತ್ರುವಾಗುವುದುಂಟು. ಕೆತ್ತಿ ತೆಗೆದ ಫೋಮ್ ತುಂಡನ್ನು ಎಸೆಯದೆ ಹೆಸರು ಬರೆದು ಅಟ್ಟದ ಮೇಲೆ ಇಟ್ಟಿರಬೇಕು. ಕಾರನ್ನು ಮುಂದೆ ಕೊಳ್ಳುವವನು ಗಿಡ್ಡನೆಯವನಾಗಿದ್ದರೆ ಅದನ್ನು ಕೇಳಿಕೊಂಡು ಬರುತ್ತಾನೆ.